ಎಸ್ಕೇಪ್ ರೂಮ್‌ನ ಗುಟ್ಟಿನ ಚೀಟಿ: ಸಂಕೇತ ಬಿಡಿಸುವುದು ಹೇಗೆ?

ಆಫೀಸಿನ ಟೀಮ್ ಔಟಿಂಗ್, ಕಾಲೇಜು ಫೆಸ್ಟ್, ಮಕ್ಕಳ ಹುಟ್ಟುಹಬ್ಬ. ಈಗ ಎಲ್ಲದಕ್ಕೂ ಎಸ್ಕೇಪ್ ರೂಮ್ ಬಂದಿದೆ. ನಾಲ್ಕೈದು ಜನರನ್ನು ಒಂದು ಕೋಣೆಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಗೋಡೆಯ ಮೇಲೆ ಸಮಯ ಇಳಿಯುತ್ತಾ ಹೋಗುತ್ತದೆ, ಸಾಮಾನ್ಯವಾಗಿ 60 ನಿಮಿಷ. ಅಷ್ಟರಲ್ಲಿ ಸುಳಿವು ಹುಡುಕಿ, ಒಂದೊಂದೇ ಬೀಗ ತೆಗೆದು ಹೊರಗೆ ಬರಬೇಕು.

ಡ್ರಾಯರ್ ಎಳೆಯುವುದು, ಕಾರ್ಪೆಟ್ ಎತ್ತಿ ನೋಡುವುದು ಎಲ್ಲರಿಗೂ ಬರುತ್ತದೆ. ಆಟ ಕಚ್ಚಿಕೊಳ್ಳುವುದು ಒಂದು ಚೀಟಿ ಸಿಕ್ಕಾಗ. ಅದರಲ್ಲಿ ‘11-5-25’ ಅಂತ ಇರುತ್ತದೆ. ಇಲ್ಲವೇ ಚುಕ್ಕೆ, ಗೆರೆ, ಮೂಲೆ ಮುರಿದ ಚೌಕಗಳು. ಇಲ್ಲವೇ ಯಾವ ಭಾಷೆಗೂ ಸೇರದ ಅಕ್ಷರಗಳು. ಚೀಟಿ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತಾರೆ, ಹತ್ತು ನಿಮಿಷ ಹೋಗಿರುತ್ತದೆ. ಈ ಚೀಟಿಗಳ ಹಿಂದೆ ಇರುವ ಉಪಾಯಗಳು ಕೆಲವೇ ಕೆಲವು. ಅವುಗಳಲ್ಲಿ ಬಹಳಷ್ಟು ನೂರಾರು, ಸಾವಿರಾರು ವರ್ಷ ಹಳೆಯವು.

ಆಟ ಮಾತ್ರ ಹೊಸದು. ಈಗಿನ ರೂಪದ ಎಸ್ಕೇಪ್ ರೂಮ್ 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶುರುವಾಯಿತು. ಟಕಾವೊ ಕಾಟೊ ಅನ್ನುವವರು ಸ್ಕ್ರ್ಯಾಪ್ ಎಂಬ ತಮ್ಮ ಸಂಸ್ಥೆಯಿಂದ ಇದನ್ನು ನಡೆಸಿದರು. ಕಂಪ್ಯೂಟರ್‌ನಲ್ಲಿ ಒಂದು ಕೋಣೆಯಿಂದ ತಪ್ಪಿಸಿಕೊಳ್ಳುವ ಆಟಗಳು ಅದಕ್ಕೂ ಮುಂಚೆಯೇ ಜಪಾನಿನಲ್ಲಿ ಜನಪ್ರಿಯವಾಗಿದ್ದವು.

## ಬಿಡಿಸಲೆಂದೇ ಬರೆದ ಗುಟ್ಟು

ಯುದ್ಧದಲ್ಲಿ, ಬೇಹುಗಾರಿಕೆಯಲ್ಲಿ ಬಳಸುವ ಸಂಕೇತಕ್ಕೆ ಒಂದೇ ಉದ್ದೇಶ. ಬೇರೆಯವರು ಅದನ್ನು ಓದಬಾರದು. ಎಸ್ಕೇಪ್ ರೂಮ್ ಸಂಕೇತದ ಉದ್ದೇಶ ಇದರ ಉಲ್ಟಾ. ನೀವು ಅದನ್ನು ಓದಲೇಬೇಕು, ಅದೂ ಐದು-ಹತ್ತು ನಿಮಿಷದಲ್ಲಿ. ಓದದಿದ್ದರೆ ಆಟವೇ ಮುಂದೆ ಹೋಗುವುದಿಲ್ಲ. ಆಟ ಕಟ್ಟಿದವರಿಗೂ ಅದು ಬೇಕಿಲ್ಲ.

ನಿಜವಾದ ಸಂಕೇತ ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಉದಾಹರಣೆ. ಅಮೆರಿಕದಲ್ಲಿ ‘ಝೋಡಿಯಾಕ್’ ಅಂತ ಹೆಸರಿಟ್ಟುಕೊಂಡಿದ್ದ ಕೊಲೆಗಾರನೊಬ್ಬ 1969ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದಕ್ಕೆ 340 ಚಿಹ್ನೆಗಳ ಪತ್ರ ಕಳಿಸಿದ. ಅದನ್ನು ಬಿಡಿಸಿದ್ದು 2020ರ ಡಿಸೆಂಬರ್‌ನಲ್ಲಿ. 51 ವರ್ಷ! ಬಿಡಿಸಿದವರು ಅಮೆರಿಕ, ಆಸ್ಟ್ರೇಲಿಯಾ, ಬೆಲ್ಜಿಯಂನ ಮೂವರು ಹವ್ಯಾಸಿಗಳು. ಕಂಪ್ಯೂಟರ್ ಪ್ರೋಗ್ರಾಂಗಳು ಲಕ್ಷಾಂತರ ದಾರಿಗಳನ್ನು ಪರೀಕ್ಷಿಸಬೇಕಾಯಿತು. ಯಾಕೆಂದರೆ ಕೊಲೆಗಾರ ಕೀಲಿಯನ್ನು ಎಲ್ಲೂ ಕೊಟ್ಟಿರಲಿಲ್ಲ.

ಎಸ್ಕೇಪ್ ರೂಮ್‌ನಲ್ಲಿ ಕೀಲಿ ಕೋಣೆಯೊಳಗೇ ಇರುತ್ತದೆ. ಇಲ್ಲಿ ‘ಕೀಲಿ’ ಅಂದರೆ ಸಂಕೇತವನ್ನು ಮಾಮೂಲಿ ಬರಹವಾಗಿ ತಿರುಗಿಸಲು ಬೇಕಾದ ಮಾಹಿತಿ. ಅದು ಒಂದು ಪಟ್ಟಿ ಇರಬಹುದು, ಒಂದು ಪದ ಇರಬಹುದು, ಅಥವಾ ಬರೀ ‘3’ ಎಂಬ ಸಂಖ್ಯೆ ಇರಬಹುದು. ಹಾಗಾಗಿ ಚೀಟಿ ಸಿಕ್ಕ ಕೂಡಲೇ ಕೂತು ತಲೆ ಕೆಡಿಸಿಕೊಳ್ಳುವುದಕ್ಕಿಂತ, ಇದು ಯಾವ ಜಾತಿಯ ಸಂಕೇತ ಅಂತ ಗುರುತಿಸಿ ಅದರ ಕೀಲಿ ಹುಡುಕುವುದು ಬೇಗ ಮುಗಿಯುವ ಕೆಲಸ. ಗೋಡೆಯ ಪೋಸ್ಟರ್, ಕಪಾಟಿನ ಪುಸ್ತಕ, ನಿಂತ ಗಡಿಯಾರ ಸುಮ್ನೆ ಅಲಂಕಾರಕ್ಕೆ ಇಟ್ಟಿರುವುದು ಕಡಿಮೆ. ದಾರಿ ತಪ್ಪಿಸಲೆಂದೇ ಇಟ್ಟ ವಸ್ತುಗಳೂ ಇರುತ್ತವೆ ಅನ್ನಿ. ಆದರೆ ಒಳ್ಳೆಯ ಆಟಗಳಲ್ಲಿ ಅವು ಜಾಸ್ತಿ ಇರುವುದಿಲ್ಲ.

## ಮೂಲದಲ್ಲಿ ಎರಡು ಉಪಾಯ

ಬರಹವನ್ನು ಗುಟ್ಟಾಗಿಸಲು ಮುಖ್ಯವಾಗಿ ಎರಡು ದಾರಿ. ಒಂದು, ಅಕ್ಷರವನ್ನೇ ಬದಲಿಸುವುದು. ಇನ್ನೊಂದು, ಅಕ್ಷರ ಅದೇ ಇಟ್ಟು ಅದರ ಜಾಗ ಬದಲಿಸುವುದು.

ಬಸ್ಸಿನ ಸೀಟುಗಳನ್ನು ನೆನೆಸಿಕೊಳ್ಳಿ. ಮೊದಲ ಸೀಟಿನವರು ಇಳಿದು ಅವರ ಜಾಗದಲ್ಲಿ ಬೇರೆಯವರು ಕೂತರೆ ಅದು ಅಕ್ಷರ ಬದಲಾವಣೆ. ಬಸ್ಸಿನೊಳಗಿನ ಜನ ಅವರೇ, ಆದರೆ ಎಲ್ಲರೂ ಎದ್ದು ಸೀಟು ಅದಲುಬದಲು ಮಾಡಿಕೊಂಡರೆ ಅದು ಜಾಗ ಬದಲಾವಣೆ. ಮೊದಲನೆಯದರಲ್ಲಿ ಯಾರ ಬದಲು ಯಾರು ಬಂದರು ಅಂತ ಕೇಳಬೇಕು. ಎರಡನೆಯದರಲ್ಲಿ ಯಾರು ಎಲ್ಲಿ ಕೂತಿದ್ದರು ಅಂತ.

ಇವೆರಡನ್ನೂ ಬಿಟ್ಟು ಮೂರನೆಯದೂ ಒಂದಿದೆ. ಬರಹವನ್ನು ಹಾಗೇ ಬಿಟ್ಟು, ಅದು ಇದೆ ಅನ್ನುವುದನ್ನೇ ಮುಚ್ಚಿಡುವುದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಕಥೆ ಹೇಳುತ್ತಾನೆ. ಹಿಸ್ಟಿಯಾಯಸ್ ಎಂಬವನು ಆಳಿನ ತಲೆ ಬೋಳಿಸಿ, ಅದರ ಮೇಲೆ ಹಚ್ಚೆ ಹಾಕಿಸಿ, ಕೂದಲು ಬೆಳೆದ ಮೇಲೆ ಅವನನ್ನು ಕಳಿಸಿದನಂತೆ. ಅವಸರದ ಸುದ್ದಿಗಂತೂ ಆಗುವ ಉಪಾಯವಲ್ಲ. ಎಸ್ಕೇಪ್ ರೂಮ್‌ನಲ್ಲಿ ಇದೇ ಕೆಲಸವನ್ನು ನೇರಳೆ ಬೆಳಕಿನ ಟಾರ್ಚ್ ಮಾಡುತ್ತದೆ. ಎಲ್ಲಾದರೂ ಅಂಥ ಟಾರ್ಚ್ ಸಿಕ್ಕರೆ ಗೋಡೆ, ಚೀಟಿಯ ಹಿಂಭಾಗ, ಪುಸ್ತಕದ ಹಾಳೆ ಎಲ್ಲದರ ಮೇಲೂ ಬಿಟ್ಟು ನೋಡಿ. ಕೆಂಪು ಗಾಜು ಸಿಕ್ಕರೆ, ಕೆಂಪು-ನೀಲಿ ಗೀಚು ಇರುವ ಕಾಗದ ಎಲ್ಲೋ ಇದೆ ಅಂತ ಅರ್ಥ. ಗಾಜಿನ ಮೂಲಕ ನೋಡಿದರೆ ಕೆಂಪು ಗೀಚು ಮರೆಯಾಗಿ ನೀಲಿ ಬರಹ ಮಾತ್ರ ಕಾಣುತ್ತದೆ.

ಸಾಲುಗಳ ಮೊದಲ ಅಕ್ಷರದಲ್ಲಿ ಸಂದೇಶ ಅಡಗಿಸುವುದೂ ಇದೇ ಗುಂಪಿನದು. ಚೀಟಿಯಲ್ಲಿ ಪದ್ಯ ಇದ್ದರೆ, ಅದರಲ್ಲೂ ಪದ್ಯ ತೀರಾ ಸಪ್ಪೆಯಾಗಿದ್ದರೆ, ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಗೆ ಓದಿ. ಕನ್ನಡ ಪದ್ಯವಾದರೆ ಎರಡನೇ ಅಕ್ಷರವನ್ನೂ ನೋಡಬಹುದು. ನಮ್ಮ ಹಳೆಯ ಕವಿಗಳು ಪ್ರಾಸ ಇಡುತ್ತಿದ್ದದ್ದು ಅಲ್ಲೇ ಅಲ್ವಾ?

## ಮೊದಲು ಎಣಿಸಿ, ಆಮೇಲೆ ಊಹಿಸಿ

ಸಂಕೇತದ ಜಾತಿ ಗುರುತಿಸುವುದು ಹೇಗೆ? ಅದರಲ್ಲಿ ಏನೇನು ಇದೆ, ಏನು ಇಲ್ಲ ಅಂತ ನೋಡುವುದರಿಂದ. ಅಂಕಿಗಳಿದ್ದರೆ ಇದು ತುಂಬಾ ಸುಲಭ, ಏಕೆಂದರೆ ಅತಿ ದೊಡ್ಡ ಅಂಕಿಯೇ ಅರ್ಧ ಗುಟ್ಟು ಹೇಳಿಬಿಡುತ್ತದೆ.

ನಮ್ಮ ಊರುಗಳ ಎಸ್ಕೇಪ್ ರೂಮ್‌ಗಳಲ್ಲೂ ಒಗಟುಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ. ಇಂಗ್ಲಿಷ್‌ನಲ್ಲಿ 26 ಅಕ್ಷರ. ಚೀಟಿಯ ಅಂಕಿಗಳೆಲ್ಲ 1ರಿಂದ 26ರೊಳಗೆ ಇದ್ದರೆ ಎ ಅಂದರೆ 1, ಬಿ ಅಂದರೆ 2 ಎಂಬ ಲೆಕ್ಕ ಮೊದಲು ಹಾಕಿ. ಮೇಲೆ ಹೇಳಿದ 11-5-25 ಹಾಗೆ ನೋಡಿದರೆ ಕೆ, ಇ, ವೈ. ಅಂದರೆ ‘ಕೀ’.

ಎರಡೆರಡು ಅಂಕಿಯ ಜೋಡಿಗಳಿದ್ದು, ಎಲ್ಲಿಯೂ 5ಕ್ಕಿಂತ ದೊಡ್ಡ ಅಂಕಿ ಇಲ್ಲದಿದ್ದರೆ? ಅದು ಬಹುಶಃ ಪಾಲಿಬಿಯಸ್ ಚೌಕ. ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ವಿವರಿಸಿದ ಪದ್ಧತಿ ಇದು. ಐದು ಅಡ್ಡಸಾಲು, ಐದು ಉದ್ದಸಾಲಿನ ಚೌಕದಲ್ಲಿ ಅಕ್ಷರಗಳನ್ನು ತುಂಬುತ್ತಾರೆ. 25 ಮನೆಗಳೇ ಇರುವುದರಿಂದ ಇಂಗ್ಲಿಷ್‌ನ ಐ ಮತ್ತು ಜೆ ಒಂದೇ ಮನೆಯಲ್ಲಿ ಕೂರುತ್ತವೆ. ಮೊದಲ ಅಂಕಿ ಅಡ್ಡಸಾಲು, ಎರಡನೆಯದು ಉದ್ದಸಾಲು. ‘ಕೀ’ ಎಂಬ ಅದೇ ಪದ ಇಲ್ಲಿ 25-15-54 ಆಗುತ್ತದೆ. ಮೂಲದಲ್ಲಿ ಇದು ಪಂಜುಗಳಿಂದ ದೂರಕ್ಕೆ ಸಂದೇಶ ಕಳಿಸುವ ಉಪಾಯ. ಎಡಕ್ಕೆ ಎಷ್ಟು ಪಂಜು, ಬಲಕ್ಕೆ ಎಷ್ಟು ಪಂಜು ಅಂತ ಎಣಿಸಿದರೆ ಅಕ್ಷರ ಸಿಗುತ್ತಿತ್ತು.

ಬರೀ 0 ಮತ್ತು 1 ಇದ್ದರೆ ಕಂಪ್ಯೂಟರಿನ ಎಣಿಕೆ. 65ರಿಂದ 90ರ ನಡುವಿನ ಅಂಕಿಗಳಾದರೆ ಅದೂ ಕಂಪ್ಯೂಟರೇ. ಇಂಗ್ಲಿಷ್‌ನ ದೊಡ್ಡಕ್ಷರ ಎ ಕಂಪ್ಯೂಟರಿಗೆ 65, ಝಡ್ 90. ಮೂರು ಮೂರು ಅಂಕಿಗಳ ಗುಂಪಾಗಿದ್ದು, ಮೊದಲ ಅಂಕಿ ದೊಡ್ಡದು, ಉಳಿದವು ಚಿಕ್ಕವು ಆಗಿದ್ದರೆ ಕೋಣೆಯಲ್ಲಿ ಪುಸ್ತಕ ಹುಡುಕಿ. ಪುಟ, ಸಾಲು, ಪದ. ಅಂಕಿಗಳು 12 ದಾಟದಿದ್ದರೆ ಗಡಿಯಾರ ಅಥವಾ ತಿಂಗಳು. 118 ದಾಟದೆ ನಡುವೆ ಎಲ್ಲೆಲ್ಲೋ ಓಡಾಡುತ್ತಿದ್ದರೆ ರಸಾಯನಶಾಸ್ತ್ರದ ಮೂಲವಸ್ತುಗಳ ಕೋಷ್ಟಕ. ಕೋಣೆ ಲ್ಯಾಬ್ ರೂಪದಲ್ಲಿದ್ದರಂತೂ ಅದು ಗೋಡೆಯ ಮೇಲೇ ತೂಗಾಡುತ್ತಿರುತ್ತದೆ. 2ರಿಂದ 9ರ ಅಂಕಿಗಳು ಮಾತ್ರ ಇದ್ದು ಹತ್ತಿರದಲ್ಲೊಂದು ಹಳೆಯ ಫೋನ್ ಇದ್ದರೆ, ಕೀಪ್ಯಾಡ್‌ನ ಅಕ್ಷರಗಳನ್ನು ನೋಡಿ. ‘ಕೀ’ ಅಲ್ಲಿ 539.

ಇನ್ನೊಂದು ಕಡೆಯಿಂದಲೂ ಸುಳಿವು ಸಿಗುತ್ತದೆ, ಅದು ಬೀಗ. ನಾಲ್ಕು ಅಂಕಿಯ ಬೀಗ ಇದ್ದರೆ ಉತ್ತರ ನಾಲ್ಕು ಅಂಕಿ. ಐದು ಅಕ್ಷರದ ಬೀಗವಾದರೆ ಐದು ಅಕ್ಷರದ ಇಂಗ್ಲಿಷ್ ಪದ. ಮೇಲೆ-ಕೆಳಗೆ-ಎಡ-ಬಲ ಅಂತ ತಳ್ಳುವ ಬೀಗವಾದರೆ ಉತ್ತರದಲ್ಲಿ ದಿಕ್ಕು ಇರಲೇಬೇಕು. ಉತ್ತರದ ಆಕಾರ ಗೊತ್ತಿದ್ದರೆ ಬೇಡದ ಊಹೆಗಳು ತಾವಾಗಿಯೇ ಉದುರುತ್ತವೆ.

## ಅಕ್ಷರ ಸರಿಸುವ ಆಟ

ಅಕ್ಷರ ಬದಲಾವಣೆಯಲ್ಲಿ ಅತ್ಯಂತ ಹೆಸರಾದದ್ದು ಸೀಸರ್ ಸಂಕೇತ. ರೋಮ್‌ನ ಜೂಲಿಯಸ್ ಸೀಸರ್ ತನ್ನ ಪತ್ರಗಳಲ್ಲಿ ಪ್ರತಿ ಅಕ್ಷರವನ್ನೂ ಮೂರು ಹೆಜ್ಜೆ ಮುಂದೆ ಸರಿಸಿ ಬರೆಯುತ್ತಿದ್ದ ಅಂತ ಇತಿಹಾಸಕಾರ ಸ್ಯುಟೋನಿಯಸ್ ದಾಖಲಿಸಿದ್ದಾನೆ. ಎ ಬದಲು ಡಿ, ಬಿ ಬದಲು ಇ. ‘ಕೀ’ ಪದದ ಕೆ-ಇ-ವೈ ಹೀಗೆ ಎನ್-ಎಚ್-ಬಿ ಆಗುತ್ತದೆ. ಕೊನೆಗೆ ಬಂದಾಗ ಮತ್ತೆ ಎ ಇಂದ ಶುರು.

ಇದರಲ್ಲಿ ಕೀಲಿ ಅಂದರೆ ಎಷ್ಟು ಹೆಜ್ಜೆ ಎಂಬ ಸಂಖ್ಯೆ. ಇಂಗ್ಲಿಷ್‌ನಲ್ಲಿ 25 ಸಾಧ್ಯತೆಗಳು ಮಾತ್ರ. ಕೀಲಿ ಸಿಗದಿದ್ದರೂ ಮೊದಲ ಪದದ ಮೇಲೆ 25 ಸಲ ಪ್ರಯೋಗ ಮಾಡಿ ಬಿಡಿಸಬಹುದು. ಒಂದರೊಳಗೊಂದು ತಿರುಗುವ ಎರಡು ಅಕ್ಷರ ಚಕ್ರಗಳು ಕೋಣೆಯಲ್ಲಿ ಸಿಕ್ಕರೆ ಅದು ಇದೇ ಸಂಕೇತದ ಸಾಧನ. ಇದರ ಸೋದರ ಸಂಕೇತ ಅಟ್‌ಬಾಶ್. ಇದರಲ್ಲಿ ವರ್ಣಮಾಲೆಯನ್ನೇ ತಿರುವಿ ಹಾಕುತ್ತಾರೆ. ಮೊದಲ ಅಕ್ಷರಕ್ಕೆ ಕೊನೆಯದು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು. ಹೀಬ್ರೂ ಬೈಬಲ್‌ನ ಯೆರೆಮೀಯನ ಭಾಗದಲ್ಲಿ ಬಾಬೆಲ್ ಊರಿನ ಹೆಸರು ಈ ರೀತಿಯಲ್ಲೇ ‘ಶೇಷಕ್’ ಆಗಿದೆ. ಕನ್ನಡಿಯ ಚಿತ್ರ ಹತ್ತಿರ ಇದ್ದರೆ ಇದನ್ನು ನೆನಪಿಸಿಕೊಳ್ಳಿ.

ಇದನ್ನೇ ಕನ್ನಡದಲ್ಲಿ ಮಾಡಿದರೆ ಹೇಗಿರುತ್ತದೆ? ನಮ್ಮ ವ್ಯಂಜನಗಳು 34. ಕ ಇಂದ ಳ ವರೆಗೆ ಸಾಲಾಗಿ ಇಟ್ಟು, ಸ್ವರದ ಗುರುತುಗಳನ್ನು ಮುಟ್ಟದೆ, ವ್ಯಂಜನವನ್ನು ಮಾತ್ರ ಒಂದು ಹೆಜ್ಜೆ ಸರಿಸೋಣ. ‘ಗಡಿಯಾರ’ ಆಗ ‘ಘಢಿರಾಲ’ ಆಗುತ್ತದೆ. ‘ಹಾಸಿಗೆ’ ಅನ್ನುವುದು ‘ಳಾಹಿಘೆ’. ‘ಪೆಟ್ಟಿಗೆಯಲ್ಲಿ’ ಅನ್ನುವುದು ‘ಫೆಠ್ಠಿಘೆರವ್ವಿ’.

ನೋಡಿದ ಕೂಡಲೇ ಏನೋ ಎಡವಟ್ಟು ಅನಿಸುತ್ತದೆ, ಅಲ್ವಾ? ಆ ಅನಿಸಿಕೆಗೆ ಕಾರಣಗಳಿವೆ, ಮತ್ತು ಆ ಕಾರಣಗಳೇ ಒಗಟು ಬಿಡಿಸುತ್ತವೆ. ಮಾಮೂಲಿ ಕನ್ನಡದಲ್ಲಿ ಮಹಾಪ್ರಾಣ ಕಡಿಮೆ. ಇಲ್ಲಿ ಘ, ಢ, ಫ, ಠ ಕಿಕ್ಕಿರಿದಿವೆ. ಎಲ್ಲ ಅಲ್ಪಪ್ರಾಣಗಳು ಒಂದೊಂದು ಹೆಜ್ಜೆ ಸರಿದು ಮಹಾಪ್ರಾಣ ಆಗಿವೆ ಅನ್ನುವ ಅನುಮಾನ ಅಲ್ಲೇ ಹುಟ್ಟಬೇಕು. ಎರಡನೆಯದಾಗಿ, ಳ ಇಂದ ಶುರುವಾಗುವ ಪದ ಕನ್ನಡದಲ್ಲಿ ಇಲ್ಲ. ಠ ಅಕ್ಷರಕ್ಕೆ ಠ ಒತ್ತು ಕೊಡುವ ಪದವೂ ಇಲ್ಲ. ಇನ್ನು ‘ಅವ್ವಿ’ ಎಂಬ ಬಾಲ ನೋಡಿ. ಒಂದೇ ವ್ಯಂಜನದ ಒತ್ತು, ಮೇಲೆ ಇಕಾರ, ಪದದ ಕೊನೆ. ಅದು ನಮ್ಮ ‘ಅಲ್ಲಿ’ಯೇ ಇರಬೇಕು. ಲ ಹೋಗಿ ವ ಬಂದಿದೆ, ಅಂದರೆ ಒಂದು ಹೆಜ್ಜೆ. ಕೀಲಿ ಸಿಕ್ಕಿತು.

ಇಂಗ್ಲಿಷ್ ಒಗಟು ಬಿಡಿಸುವವರು ಒಂಟಿ ಅಕ್ಷರದ ಪದ, ಮೂರಕ್ಷರದ ಪದ ಹುಡುಕುತ್ತಾರೆ. ಕನ್ನಡದಲ್ಲಿ ಆ ಕೆಲಸವನ್ನು ಪದದ ಬಾಲ ಮಾಡುತ್ತದೆ. ಸುಳಿವಿನ ಚೀಟಿಯಲ್ಲಿ ‘ಗೆ’, ‘ಅಲ್ಲಿ’, ‘ಅನ್ನು’, ‘ನೋಡು’, ‘ತೆಗೆ’ ಬರದೆ ಇರುವುದು ಅಪರೂಪ.

## ಸೀಟು ಬದಲಿಸಿದ ಅಕ್ಷರಗಳು

ಈಗ ಈ ಸಾಲು ನೋಡಿ: ಕ ಡಿ ಹಿಂ ನೋ ನ್ನ ಯ ದೆ ಡು.

ಇದರಲ್ಲಿ ಅಪರಿಚಿತ ಅಕ್ಷರ ಒಂದೂ ಇಲ್ಲ. ಮಹಾಪ್ರಾಣ ಇಲ್ಲ. ಎಲ್ಲವೂ ದಿನಾ ಬಳಸುವ ಅಕ್ಷರಗಳೇ, ಆದರೂ ಅರ್ಥವಿಲ್ಲ. ಹಾಗಿದ್ದರೆ ಜಾಗ ಬದಲಾಗಿದೆ. ಎಂಟು ಅಕ್ಷರಗಳಿವೆ. ನಾಲ್ಕು ನಾಲ್ಕಾಗಿ ಎರಡು ಸಾಲು ಮಾಡಿ. ಮೇಲೆ ‘ಕ ಡಿ ಹಿಂ ನೋ’, ಕೆಳಗೆ ‘ನ್ನ ಯ ದೆ ಡು’. ಈಗ ಮೇಲಿಂದ ಒಂದು, ಕೆಳಗಿಂದ ಒಂದು ಓದುತ್ತಾ ಹೋಗಿ. ‘ಕನ್ನಡಿಯ ಹಿಂದೆ ನೋಡು.’

ಇದಕ್ಕೆ ರೈಲ್ ಫೆನ್ಸ್ ಅನ್ನುತ್ತಾರೆ. ಅಕ್ಷರಗಳನ್ನು ಎಣಿಸಿ, ಆ ಸಂಖ್ಯೆಯನ್ನು ಯಾವುದರಿಂದ ಭಾಗಿಸಬಹುದು ಅಂತ ನೋಡುವುದು ಜಾಗ ಬದಲಿಸುವ ಸಂಕೇತಗಳಲ್ಲಿ ಮೊದಲ ಹೆಜ್ಜೆ. 12 ಅಕ್ಷರ ಇದ್ದರೆ ಎರಡು ಸಾಲು, ಮೂರು ಸಾಲು, ನಾಲ್ಕು ಸಾಲು ಎಲ್ಲ ಪ್ರಯತ್ನಿಸಬಹುದು. ಪ್ರಾಚೀನ ಸ್ಪಾರ್ಟಾದವರು ಒಂದು ಕೋಲಿಗೆ ಚರ್ಮದ ಪಟ್ಟಿ ಸುತ್ತಿ ಅದರ ಮೇಲೆ ಬರೆಯುತ್ತಿದ್ದರು ಅನ್ನುತ್ತಾರೆ. ಪಟ್ಟಿ ಬಿಚ್ಚಿದರೆ ಅಕ್ಷರ ಚೆಲ್ಲಾಪಿಲ್ಲಿ. ಅಷ್ಟೇ ದಪ್ಪದ ಕೋಲಿಗೆ ಮತ್ತೆ ಸುತ್ತಿದರೆ ಓದಬಹುದು. ಎಸ್ಕೇಪ್ ರೂಮ್ ಕಟ್ಟುವವರಿಗೆ ಇದು ತುಂಬಾ ಇಷ್ಟ. ಅಕ್ಷರ ಬರೆದ ಉದ್ದನೆಯ ರಿಬ್ಬನ್ ಸಿಕ್ಕರೆ, ಕೋಲು ಹುಡುಕಿ.

## ಚುಕ್ಕೆ, ಗೆರೆ, ಮುರಿದ ಚೌಕ

ಚಿಹ್ನೆಗಳ ಸಂಕೇತಗಳನ್ನು ನೋಡಿ ಜನ ಜಾಸ್ತಿ ಹೆದರುತ್ತಾರೆ. ನಿಜಕ್ಕೂ ಇವು ಸುಲಭ, ಪಟ್ಟಿ ಸಿಕ್ಕರೆ ಮುಗಿಯಿತು. ಗುರುತಿಸಲು ಬಂದರೆ ಸಾಕು.

ಉದ್ದ-ಗಿಡ್ಡ ಎಂಬ ಎರಡೇ ಬಗೆ ಇದ್ದರೆ ಮೋರ್ಸ್, ಹಿಂದೆ ತಂತಿ ಸಂದೇಶ ಕಳಿಸಲು ಬಳಸುತ್ತಿದ್ದ ಸಂಕೇತ. ಅದು ಗೆರೆಯೇ ಆಗಬೇಕೆಂದಿಲ್ಲ. ಮಿನುಗುವ ಬಲ್ಬ್, ಬಡಿಯುವ ಶಬ್ದ, ಉದ್ದ ಮತ್ತು ಗಿಡ್ಡ ಮೇಣದಬತ್ತಿಗಳು, ಏನಾದರೂ ಆಗಬಹುದು. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬರುವ ಅಕ್ಷರ ಇ, ಆಮೇಲೆ ಟಿ. ಮೋರ್ಸ್‌ನಲ್ಲಿ ಇ ಒಂದೇ ಚುಕ್ಕೆ, ಟಿ ಒಂದೇ ಗೆರೆ. ಹೆಚ್ಚು ಬಳಸುವುದಕ್ಕೆ ಕಡಿಮೆ ಶ್ರಮ ಎಂಬ ಲೆಕ್ಕ. ಮೋರ್ಸ್‌ನಲ್ಲಿ ಎಲ್ಲರೂ ಎಡವುವುದು ಬಿಡುವಿನಲ್ಲಿ. ಒಂದು ಅಕ್ಷರ ಎಲ್ಲಿ ಮುಗಿಯಿತು ಅನ್ನುವುದನ್ನು ಬಿಡುವು ಮಾತ್ರ ಹೇಳುತ್ತದೆ. ಹಾಗಾಗಿ ಒಬ್ಬರು ನೋಡಿ ಗಟ್ಟಿಯಾಗಿ ಹೇಳಿ, ಇನ್ನೊಬ್ಬರು ಬರೆದುಕೊಳ್ಳಿ.

ಎರಡು ಉದ್ದಸಾಲು, ಮೂರು ಅಡ್ಡಸಾಲುಗಳಲ್ಲಿ ಆರು ಚುಕ್ಕೆಗಳ ಜಾಗ ಇದ್ದರೆ ಬ್ರೈಲ್. ಕಣ್ಣು ಕಾಣದವರು ಬೆರಳಿನಿಂದ ಓದಲು ಫ್ರಾನ್ಸಿನ ಲೂಯಿ ಬ್ರೈಲ್ ರೂಪಿಸಿದ ಲಿಪಿ. ಕತ್ತಲ ಕೋಣೆಯಲ್ಲಿ ಕೈಗೆ ಉಬ್ಬು ಚುಕ್ಕೆ ತಾಕಿದರೆ ಇದೇ. ಇದರಲ್ಲೊಂದು ಚೆಂದದ ವ್ಯವಸ್ಥೆ ಇದೆ. ಎ ಇಂದ ಜೆ ವರೆಗಿನ ಹತ್ತು ಅಕ್ಷರಗಳು ಮೇಲಿನ ನಾಲ್ಕು ಚುಕ್ಕೆಗಳಲ್ಲೇ ಮುಗಿಯುತ್ತವೆ. ಅವೇ ಹತ್ತಕ್ಕೆ ಕೆಳಗಿನ ಎಡ ಚುಕ್ಕೆ ಸೇರಿಸಿದರೆ ಕೆ ಇಂದ ಟಿ ವರೆಗಿನ ಹತ್ತು ಬರುತ್ತವೆ. ಪಟ್ಟಿ ಅರ್ಧ ಹರಿದಿದ್ದರೂ ಉಳಿದದ್ದನ್ನು ಇದರಿಂದ ಕಟ್ಟಿಕೊಳ್ಳಬಹುದು.

ಮೂಲೆ ಮುರಿದ ಚೌಕಗಳು, ವಿ ಆಕಾರದ ಗೆರೆಗಳು, ಕೆಲವಕ್ಕೆ ನಡುವೆ ಚುಕ್ಕೆ. ಇದು ಪಿಗ್‌ಪೆನ್. 18ನೇ ಶತಮಾನದಲ್ಲಿ ಫ್ರೀಮೇಸನ್ ಸಂಘದವರು ಬಳಸುತ್ತಿದ್ದರು. ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದು ಒಂಬತ್ತು ಮನೆ ಮಾಡಿ, ಮನೆಗೊಂದು ಅಕ್ಷರ ಬರೆಯಿರಿ. ಆ ಅಕ್ಷರದ ಸುತ್ತ ಇರುವ ಗೆರೆಗಳೇ ಅದರ ಚಿಹ್ನೆ. ಚುಕ್ಕೆ ಇದ್ದರೆ ಮುಂದಿನ ಒಂಬತ್ತು ಮನೆಗಳ ಗುಂಪು. ಉಳಿದ ಎಂಟು ಅಕ್ಷರಗಳಿಗೆ ಎರಡು ಗುಣಿಸು ಗುರುತು. ಇದನ್ನು ಒಮ್ಮೆ ಬರೆದು ಅಭ್ಯಾಸ ಮಾಡಿದರೆ ಪಟ್ಟಿ ಇಲ್ಲದೆಯೇ ಓದಬಹುದು.

## ಕೀಲಿ ಸಿಗಲೇ ಇಲ್ಲ ಅಂದರೆ

ಕೀಲಿ ಇಲ್ಲದೆ ಸಂಕೇತ ಒಡೆಯುವ ವಿದ್ಯೆಯನ್ನು ಮೊದಲು ಬರೆದಿಟ್ಟವರಲ್ಲಿ ಪ್ರಮುಖ ಹೆಸರು ಅಲ್-ಕಿಂದಿ. 9ನೇ ಶತಮಾನದ ಬಾಗ್ದಾದಿನ ವಿದ್ವಾಂಸ. ಅವನು ಗಮನಿಸಿದ್ದು ಇಷ್ಟು. ಯಾವುದೇ ಭಾಷೆಯಲ್ಲಿ ಕೆಲವು ಅಕ್ಷರ ಪದೇ ಪದೇ ಬರುತ್ತವೆ, ಕೆಲವು ಅಪರೂಪ. ಅಕ್ಷರ ಬದಲಿಸಿದರೂ ಈ ಎಣಿಕೆ ಬದಲಾಗುವುದಿಲ್ಲ. ಸಂಕೇತದಲ್ಲಿ ಅತಿ ಹೆಚ್ಚು ಬಂದ ಚಿಹ್ನೆ ಆ ಭಾಷೆಯ ಅತಿ ಹೆಚ್ಚು ಬರುವ ಅಕ್ಷರ ಇರಬಹುದು.

ಆದರೆ ಎಸ್ಕೇಪ್ ರೂಮ್‌ನ ಚೀಟಿಯಲ್ಲಿ ಇರುವುದೇ ಹತ್ತಿಪ್ಪತ್ತು ಅಕ್ಷರ. ಅಷ್ಟು ಚಿಕ್ಕ ಬರಹದಲ್ಲಿ ಎಣಿಕೆ ನಂಬಿಕೆಗೆ ಅರ್ಹವಲ್ಲ. ಇಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಪದದ ಊಹೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸಂಕೇತ ಒಡೆಯುವ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನವರು ಜರ್ಮನಿಯ ಎನಿಗ್ಮಾ ಯಂತ್ರದ ಸಂಕೇತ ಒಡೆಯಲು ಇದನ್ನೇ ಬಳಸಿದರು. ಜರ್ಮನ್ನರ ಹವಾಮಾನ ವರದಿಯಲ್ಲಿ ‘ಹವಾಮಾನ’ ಎಂಬ ಪದ ಇರಲೇಬೇಕಲ್ಲ! ಎನಿಗ್ಮಾದಲ್ಲಿ ಯಾವ ಅಕ್ಷರವೂ ತನ್ನ ಬದಲು ತಾನೇ ಬರುತ್ತಿರಲಿಲ್ಲ. ಹಾಗಾಗಿ ಊಹಿಸಿದ ಪದವನ್ನು ಸಂಕೇತದ ಕೆಳಗೆ ಇಟ್ಟು ನೋಡಿದಾಗ ಎಲ್ಲಾದರೂ ಅದೇ ಅಕ್ಷರ ಎದುರಾದರೆ, ಅಲ್ಲಿ ಆ ಪದ ಇಲ್ಲ ಅಂತ ಖಾತ್ರಿ. 1942ರ ಜನವರಿಯಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ನಡೆಯಿತು. ಅದರಲ್ಲಿ ಗೆದ್ದ ಕೆಲವರನ್ನು ಆಮೇಲೆ ಈ ಕೆಲಸಕ್ಕೆ ಕರೆದರು.

ನಿಮ್ಮ ಕೋಣೆಯಲ್ಲೂ ಹಾಗೇ ಮಾಡಿ. ಕಥೆ ಪೊಲೀಸ್ ಠಾಣೆಯದಾದರೆ ‘ಕೊಲೆ’, ‘ಚಾಕು’, ‘ಲಾಕರ್’. ಹಡಗಿನದಾದರೆ ‘ನಕ್ಷೆ’, ‘ಉತ್ತರ’. ಮೊದಲು ಕಥೆಯ ಪದಗಳನ್ನು ಸಂಕೇತದ ಮೇಲಿಟ್ಟು ನೋಡಿ.

## ರಾಗದ ಹೆಸರಿನಲ್ಲಿ ಬೀಗದ ನಂಬರ್

ಕನ್ನಡದಲ್ಲಿ ಒಗಟು ಕಟ್ಟುವವರಿಗೆ ಒಂದು ಸಿದ್ಧ ಸಂಕೇತ ಇದೆ. ಕಟಪಯಾದಿ. ಶ್ಲೋಕಗಳಲ್ಲಿ ಅಂಕಿಗಳನ್ನು ಅಡಗಿಸಲು ಹಿಂದಿನವರು ಬಳಸುತ್ತಿದ್ದ ಪದ್ಧತಿ. ಕ ಇಂದ ಝ ವರೆಗೆ 1ರಿಂದ 9, ಞ ಸೊನ್ನೆ. ಟ ಇಂದ ಧ ವರೆಗೆ ಮತ್ತೆ 1ರಿಂದ 9, ನ ಸೊನ್ನೆ. ಪ ಇಂದ ಮ ವರೆಗೆ 1ರಿಂದ 5. ಯ ಇಂದ ಹ ವರೆಗೆ 1ರಿಂದ 8, ಳ 9. ಪ್ರತಿ ಸಾಲಿನ ಮೊದಲ ಅಕ್ಷರ ಕ, ಟ, ಪ, ಯ. ಹೆಸರು ಬಂದದ್ದು ಅಲ್ಲಿಂದಲೇ.

ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲಿ ಇದು ಇಂದಿಗೂ ಬದುಕಿದೆ. ಹೆಸರಿನ ಮೊದಲ ಎರಡು ಅಕ್ಷರದ ಅಂಕಿ ತೆಗೆದು ತಿರುಗಿಸಿದರೆ ರಾಗದ ಕ್ರಮಸಂಖ್ಯೆ. ಮೇಚಕಲ್ಯಾಣಿ: ಮ 5, ಚ 6. ತಿರುಗಿಸಿದರೆ 65. ಮಾಯಾಮಾಳವಗೌಳ: ಮ 5, ಯ 1, ಅಂದರೆ 15. ಧೀರಶಂಕರಾಭರಣ 29. ಒತ್ತಕ್ಷರ ಬಂದಾಗ ಸ್ವಲ್ಪ ಎಚ್ಚರ ಬೇಕು. ಚಕ್ರವಾಕದಲ್ಲಿ ‘ಕ್ರ’ದ ಕ ತಗೊಂಡರೆ 16 ಬರುತ್ತದೆ, ರ ತಗೊಂಡರೆ 26. ಸರಿ ಉತ್ತರ 16.

ಅಂಕಿಗಳಲ್ಲಿ ಬರೆದ ಕನ್ನಡ ಅಂದಾಗ ಕುಮುದೇಂದು ಮುನಿಯ ಸಿರಿಭೂವಲಯ ನೆನಪಾಗದೆ ಇರುವುದಿಲ್ಲ. 1953ರಲ್ಲಿ ಅಚ್ಚಾದ ಈ ಕೃತಿಯಲ್ಲಿ ಅಕ್ಷರಗಳೇ ಇಲ್ಲ, 1ರಿಂದ 64ರ ಅಂಕಿಗಳು ಮಾತ್ರ. 27 ಅಡ್ಡಸಾಲು, 27 ಉದ್ದಸಾಲು, ಒಟ್ಟು 729 ಮನೆಗಳ ಚೌಕಗಳು. ಪ್ರತಿ ಅಂಕಿಗೂ ಒಂದು ಧ್ವನಿ. ಧ್ವನಿ ಇಟ್ಟ ಮೇಲೂ ನೇರವಾಗಿ ಓದಲು ಬರುವುದಿಲ್ಲ, ‘ಬಂಧ’ ಎಂಬ ನಿಗದಿತ ಹಾದಿಯಲ್ಲೇ ಮನೆಯಿಂದ ಮನೆಗೆ ಹೋಗಬೇಕು. ಅಕ್ಷರ ಬದಲಾವಣೆ, ಜಾಗ ಬದಲಾವಣೆ ಎರಡೂ ಒಟ್ಟಿಗೆ. ಕೃತಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅದರ ಕಟ್ಟೋಣ ಮಾತ್ರ ಒಗಟು ಪ್ರಿಯರು ನೋಡಲೇಬೇಕಾದದ್ದು. ಮೊದಲು ಹೇಳಿದ 340 ಚಿಹ್ನೆಗಳ ಪತ್ರವೂ ಇದೇ ಎರಡು ಪದರದ್ದು. ಅದನ್ನು ಓರೆಯಾಗಿ ಓದಬೇಕಿತ್ತು.

## ಒಂದು ಸರಪಳಿ ಬಿಡಿಸಿ ನೋಡೋಣ

ಹಳೆಯ ಮನೆಯೊಂದರ ಮಲಗುವ ಕೋಣೆ ಅಂದುಕೊಳ್ಳಿ. ಗೋಡೆಯ ಮೇಲೆ ವೀಣೆಯ ಚಿತ್ರ, ಪಕ್ಕದಲ್ಲಿ ಅಕ್ಷರಮಾಲೆಯ ಪಟ. ದಿಂಬಿನೊಳಗೆ ಒಂದು ಚೀಟಿ: ‘ಯಂಛಧ ಖೆಕಘೆ’.

ಛ, ಧ, ಖ, ಘ. ಆರು ಅಕ್ಷರದಲ್ಲಿ ನಾಲ್ಕು ಮಹಾಪ್ರಾಣ. ಜಾಗ ಬದಲಾವಣೆ ಅಲ್ಲ, ಅಕ್ಷರ ಸರಿದಿದೆ. ಕೊನೆಯ ‘ಘೆ’ ನಮ್ಮ ‘ಗೆ’ ಇರಬಹುದು. ಹಾಗಿದ್ದರೆ ಎಲ್ಲವನ್ನೂ ಒಂದು ಹೆಜ್ಜೆ ಹಿಂದಕ್ಕೆ ತನ್ನಿ. ಯ ಹೋಗಿ ಮ, ಛ ಹೋಗಿ ಚ, ಧ ಹೋಗಿ ದ. ‘ಮಂಚದ’. ಖೆ ಹೋಗಿ ಕೆ. ಮುಂದಿನ ಕ? ಕ ಮೊದಲ ವ್ಯಂಜನ, ಅದರ ಹಿಂದೆ ಏನೂ ಇಲ್ಲ. ಸುತ್ತು ಹಾಕಿ ಕೊನೆಗೆ ಹೋಗಬೇಕು, ಅಂದರೆ ಳ. ‘ಮಂಚದ ಕೆಳಗೆ.’

ಮಂಚದ ಕೆಳಗೆ ಒಂದು ಟ್ರಂಕು, ನಾಲ್ಕು ಅಂಕಿಯ ಬೀಗ. ಮುಚ್ಚಳದ ಮೇಲೆ ಎರಡು ಹೆಸರು: ಮೇಚಕಲ್ಯಾಣಿ, ಮಾಯಾಮಾಳವಗೌಳ. ಕಟಪಯಾದಿ ಗೊತ್ತಿದ್ದರೆ 6515. ತಿರುಗಿಸುವುದು ಮರೆತರೆ 5651. ನಾಲ್ಕನ್ನೂ ಸೇರಿಸಿ ತಿರುಗಿಸಿದರೆ 1565. ಮೂರನ್ನೂ ಹಾಕಿ ನೋಡಲು ಅರ್ಧ ನಿಮಿಷ ಸಾಕು. ಸಂಗೀತ ಗೊತ್ತಿಲ್ಲದವರಿಗೆ ಏನು ಗತಿ? ವೀಣೆಯ ಚಿತ್ರದ ಹಿಂದೆ ಕಟಪಯಾದಿ ಪಟ್ಟಿ ಅಂಟಿಸಿರಬೇಕು. ಇಲ್ಲದಿದ್ದರೆ ತಪ್ಪು ಆಟಗಾರರದ್ದಲ್ಲ, ಆಟ ಕಟ್ಟಿದವರದ್ದು.

ಬೀಗದ ಲೆಕ್ಕವೂ ಗೊತ್ತಿದ್ದರೆ ಒಳ್ಳೆಯದು. ನಾಲ್ಕು ಅಂಕಿಯ ಬೀಗಕ್ಕೆ 10,000 ಸಾಧ್ಯತೆ. ಮೂರು ಅಂಕಿ ಜಾಗಸಮೇತ ಗೊತ್ತಾದರೆ ಉಳಿಯುವುದು ಹತ್ತೇ. ಬೇರೆ ಬೇರೆ ನಾಲ್ಕು ಅಂಕಿ ಗೊತ್ತಿದ್ದು ಕ್ರಮ ಮಾತ್ರ ಗೊತ್ತಿಲ್ಲದಿದ್ದರೆ 24. ಆದರೆ ಕೀಪ್ಯಾಡ್ ಇರುವ ಎಲೆಕ್ಟ್ರಾನಿಕ್ ಬೀಗಗಳಲ್ಲಿ ಹೀಗೆ ಒಂದೊಂದೇ ಹಾಕಿ ನೋಡಬೇಡಿ. ಕೆಲವು ತಪ್ಪುಗಳಾದ ಮೇಲೆ ಅವು ಸ್ವಲ್ಪ ಹೊತ್ತು ಮುಚ್ಚಿಕೊಳ್ಳುವಂತೆ ಇಟ್ಟಿರುತ್ತಾರೆ.

## ಮನೆಯಲ್ಲೇ ಕನ್ನಡ ಒಗಟು ಕಟ್ಟುವವರಿಗೆ

ರಜೆಯಲ್ಲಿ ಮಕ್ಕಳಿಗೆ ಇಂಥ ಆಟ ಕಟ್ಟುವವರು ಒಂದು ವಿಷಯ ಮೊದಲೇ ತೀರ್ಮಾನಿಸಬೇಕು. ಒಂದು ‘ಅಕ್ಷರ’ ಅಂದರೆ ಯಾವುದು? ಇಂಗ್ಲಿಷ್‌ನಲ್ಲಿ ಈ ಪ್ರಶ್ನೆಯೇ ಇಲ್ಲ. ಕನ್ನಡದಲ್ಲಿ ‘ಕ್ರಿ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರಿಗೆ ಅದು ನಾಲ್ಕು ತುಂಡು: ಕ, ಸ್ವರ ತೆಗೆಯುವ ಗುರುತು, ರ, ಇಕಾರದ ಗುಡಿಸು. ಇಂಗ್ಲಿಷ್‌ಗೆಂದು ಮಾಡಿದ ಎಷ್ಟೋ ಆ್ಯಪ್‌ಗಳು ಕನ್ನಡವನ್ನು ಹೀಗೇ ತುಂಡು ಮಾಡುತ್ತವೆ. ‘ಕನ್ನಡ’ ಪದವನ್ನು ತಿರುಗಿಸಿದರೆ ‘ಡನ್ನಕ’ ಬರಬೇಕು. ಅಂಥ ಆ್ಯಪ್‌ನಲ್ಲಿ ಒತ್ತಕ್ಷರವೇ ಕಳಚಿ ಬೀಳುತ್ತದೆ. ಗುಣಿತಾಕ್ಷರ, ಒತ್ತಕ್ಷರ ಎಲ್ಲವನ್ನೂ ಒಂದೇ ತುಂಡು ಅಂತ ಹಿಡಿದು, ಕಾಗದದ ಮೇಲೆ ಕೈಯಲ್ಲೇ ಮಾಡಿದರೆ ಗೊಂದಲ ಇರುವುದಿಲ್ಲ.

ಚಿಕ್ಕ ಮಕ್ಕಳಿಗೆ ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸುವ ಗುಟ್ಟಿನ ಮಾತು ಸಾಕು. ‘ಕಬಾ ಕಗಿ ಕಲು’ ಅಂದರೆ ಬಾಗಿಲು. ಸ್ವಲ್ಪ ದೊಡ್ಡವರಿಗೆ ಒಂದು ಹೆಜ್ಜೆ ಸರಿಸುವ ಸಂಕೇತ ಕೊಡಿ, ಗೋಡೆಯ ಮೇಲೆ ಅಕ್ಷರಮಾಲೆ ಅಂಟಿಸಿ. ಒಂದೇ ಚೀಟಿಯಲ್ಲಿ ಅಕ್ಷರವನ್ನೂ ಸರಿಸಿ ಜಾಗವನ್ನೂ ಬದಲಿಸುವುದು ಬೇಡ. ಚೀಟಿ ಬರೆದವರಿಗೆ ಅದು ಯಾವಾಗಲೂ ಸುಲಭವಾಗಿಯೇ ಕಾಣುತ್ತದೆ, ಹಾಗಾಗಿ ಆಟಕ್ಕೆ ಮುಂಚೆ ಉತ್ತರ ಗೊತ್ತಿಲ್ಲದ ದೊಡ್ಡವರೊಬ್ಬರ ಕೈಗೆ ಅದನ್ನು ಕೊಟ್ಟು ನೋಡಿ. ಅವರಿಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಇನ್ನೊಂದು ಸುಳಿವು ಸೇರಿಸಿ.